ಚಳ್ಳಕೆರೆಯಿಂದ ಅಕ್ಷರಗುಂಡಿನವರೆಗೆ: ಮಕ್ಕಳ ಓದು ಕೇಳುತ್ತಾ

ಚಳ್ಳಕೆರೆ ಬಸ್ ನಿಲ್ದಾಣ. ಬೆಳಗಿನ ಎಂಟು ಗಂಟೆ. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಅಜ್ಜ, ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮೊಮ್ಮಗ. ಅಜ್ಜನಿಗೆ ಅಕ್ಷರ ಬಾರದು. ಒಂದೊಂದು ಬಸ್ಸು ಬಂದು ನಿಂತಾಗಲೂ ಹುಡುಗನ ಭುಜ ಅಲುಗಿಸಿ, "ನೋಡಪ್ಪಾ, ಇದ್ಯಾವೂರಿಗೆ ಹೋಗ್ತೈತೆ?" ಎನ್ನುತ್ತಿದ್ದ.

ಹುಡುಗ ಬೋರ್ಡು ನೋಡಿದ. "ಚಳ್ಳಕೆರೆ" ಎಂದು ಒಂದೇ ಉಸಿರಿಗೆ ಅಂದ. ಅದರ ಮುಂದಿನ ಹೆಸರಿಗೆ ಬಂದಾಗ "ಮೊ... ಳ... ಕಾ... ಲ..." ಎಂದು ನಿಂತುಬಿಟ್ಟ. ಲ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುತ್ತಿತ್ತು. ಅದನ್ನು ಲ ಜೊತೆ ಸೇರಿಸಿ ಹೇಳಬೇಕೋ, ಬಿಟ್ಟು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕಂಡಕ್ಟರು ಬಾಗಿಲಲ್ಲಿ ನಿಂತು "ಹಾನಗಲ್, ಮೊಳ್ಕಾಲ್ಮೂರು, ಮೊಳ್ಕಾಲ್ಮೂರು" ಎಂದು ಕೂಗಿದ. ಹುಡುಗನ ಮುಖ ಅರಳಿತು. "ಮೊಳ್ಕಾಲ್ಮೂರು ತಾತ!" ಎಂದು ತಾನೇ ಓದಿದಂತೆ ಹೇಳಿದ. ಇನ್ನೊಂದು ಬದಿ ನಿಂತಿದ್ದ ಬಸ್ಸಿನ "ಚಿತ್ರದುರ್ಗ"ವನ್ನಂತೂ ಅವನು ಓದಲೇ ಇಲ್ಲ, ಚಿತ್ರ ನೋಡಿ ಗುರುತು ಹಿಡಿದ ಹಾಗೆ ಹೇಳಿದ.

ನಾನು ಈ ಸೀಮೆಗೆ ಬಂದದ್ದು ಮಕ್ಕಳು ಎಷ್ಟು ಸರಾಗವಾಗಿ ಓದುತ್ತಾರೆ, ಆ ಸರಾಗವನ್ನು ಮೇಷ್ಟರು ಹೇಗೆ ಅಳೆಯುತ್ತಾರೆ ಎಂದು ನೋಡಲು. ಶಾಲೆ ತಲುಪುವ ಮೊದಲೇ ಬಸ್ ನಿಲ್ದಾಣದಲ್ಲೇ ಪಾಠ ಶುರುವಾಯಿತು. ಮೂರು ಊರಿನ ಹೆಸರಲ್ಲಿ ಕನ್ನಡದ ಓದಿನ ಮೂರು ಮೆಟ್ಟಿಲು ಇವೆ. ಚಳ್ಳಕೆರೆಯ "ಳ್ಳ" ಸಜಾತೀಯ ಒತ್ತು, ಅದೇ ಅಕ್ಷರ ಎರಡು ಸಲ. ಅಜ್ಜಿ, ಅಮ್ಮ, ಹಳ್ಳಿ, ಹಟ್ಟಿ ಎಂದು ಓದಿಕೊಂಡ ಮಗುವಿಗೆ ಅದು ಸಲೀಸು. ಮೊಳಕಾಲ್ಮುರಿನ "ಲ್ಮು" ವಿಜಾತೀಯ ಒತ್ತು: ಲ ಕೆಳಗೆ ಮ, ಆಮೇಲೆ ಕೊಂಬು. ಈ ಊರಿನ ಹೆಸರನ್ನು ಒಂದು ಬೋರ್ಡಿನಲ್ಲಿ "ಮುರು" ಎಂದೂ ಇನ್ನೊಂದರಲ್ಲಿ "ಮೂರು" ಎಂದೂ ಬರೆಯುವ ವಾಡಿಕೆ ಬೇರೆ ಇದೆ. ಚಿತ್ರದುರ್ಗದಲ್ಲಿ ಒಂದು "ತ್ರ" ಇದೆ, ಒಂದು ಅರ್ಕಾವತ್ತು ಇದೆ. ಅರ್ಕಾವತ್ತನ್ನು ಬರೆಯುವುದು ಗ ಆದಮೇಲೆ, ಓದುವುದು ಗ ಬರುವ ಮೊದಲು. ಮಗುವಿನ ಕಣ್ಣು ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು. ನಮಗೆ ಅದು ಈಗ ಗೊತ್ತೂ ಆಗುವುದಿಲ್ಲ. ಮೂರನೇ ತರಗತಿಯ ಮಗುವಿಗೆ ಅದು ನಡುದಾರಿಯ ಹಳ್ಳ.

ಬಸ್ಸು ಬಳ್ಳಾರಿ ಹೆದ್ದಾರಿ ಹಿಡಿಯಿತು. ಊರು ದಾಟುವವರೆಗೂ ಎಣ್ಣೆ ಗಿರಣಿಗಳ ವಾಸನೆ. ಶೇಂಗಾ ಬೆಳೆ ಮತ್ತು ಎಣ್ಣೆ ವ್ಯಾಪಾರದಿಂದಲೇ ಹೆಸರಾದ ಊರು ಇದು. ಅದರಾಚೆ ಬಯಲು, ಕುರಿ ಹಿಂಡು, ಕುರುಚಲು ಗುಡ್ಡ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ನೆಲಗಳಲ್ಲೊಂದು. ಮಳೆ ಹೋದ ವರ್ಷ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳಬೇಕು. ಓದುವವರು ಎಡವಿದರೆ ಅರ್ಥ ಹೇಳುವವರು ನಿಲ್ಲುತ್ತಾರೆ, ಅರ್ಥ ನಿಂತರೆ ಕೇಳುವ ಜನ ಎದ್ದು ಹೋಗುತ್ತಾರೆ. ಓದಿನ ಓಟವನ್ನೂ ತಿಳಿವನ್ನೂ ಜೊತೆಯಲ್ಲಿ ಕೂರಿಸಿದ ಆ ಏರ್ಪಾಡು ನನಗೆ ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ತಳಕು ಬಂತು. ಟಿ.ಎಸ್. ವೆಂಕಣ್ಣಯ್ಯ, ತ.ಸು. ಶಾಮರಾಯ, ತ.ರಾ.ಸು. ಅವರ ಮನೆತನದ ಊರು. ಕುವೆಂಪು "ಶ್ರೀ ರಾಮಾಯಣ ದರ್ಶನಂ" ಕಾವ್ಯವನ್ನು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ. ಶಿಷ್ಯನ ಮನೆಗೆ ಬಂದು ಅವನ ಓದನ್ನು ಗುರು ಕೂತು ಕೇಳಿದ ಪ್ರಸಂಗ ಆ ಅರ್ಪಣೆಯಲ್ಲೇ ಬರುತ್ತದೆ. ಬಸ್ಸು ಇಲ್ಲಿ ಎರಡು ನಿಮಿಷ ನಿಂತು ಹೊರಟಿತು.

ಹೆದ್ದಾರಿಯಿಂದ ಒಳಗಿರುವ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಮಕ್ಕಳ ಓದಿನ ಅಂಕಿ ಊರಿನ ಹೆಸರಿಗೆ ಅಂಟಿಕೊಂಡು ಕೂರುವುದು ನನಗೆ ಬೇಡ.

ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿದ್ದರು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರ ಮತ್ತು ಬರಹ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆಟಕುವ ಹಾಗೆ ಕರಿ ಬಣ್ಣ ಬಳಿದ ಹಲಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಇಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು ಶುರು. ಆಮೇಲೆ ಜ, ವ, ಮ, ಬ, ನ. ಬರೆಯಲು ಹತ್ತಿರದ ಅಕ್ಷರಗಳು ಒಟ್ಟಿಗೆ ಬರುತ್ತವೆ, ಐದು ಅಕ್ಷರ ಕಲಿತ ಕೂಡಲೇ ಅಗಸ, ಸರ, ಅರಸ ಎಂದು ಪದ ಓದಬಹುದು. ಮಕ್ಕಳು ಶಿಕ್ಷಕರ ತಟ್ಟೆ, ಗೆಳೆಯರ ತಟ್ಟೆ, ಸ್ವಕಲಿಕೆಯ ತಟ್ಟೆ ಎಂದು ಗುಂಪು ಗುಂಪಾಗಿ ಕೂರುತ್ತಾರೆ. ಪದ ಕೂಡಿಸುವವರೆಗೆ ಈ ದಾರಿ ಚೆನ್ನಾಗಿ ಕರೆದುಕೊಂಡು ಹೋಗುತ್ತದೆ. ಪದದಿಂದ ಪುಟಕ್ಕೆ ದಾಟುವಾಗ ಬಹಳ ಮಕ್ಕಳು ನಿಲ್ಲುತ್ತಾರೆ. ನಾನು ನೋಡಬಂದದ್ದು ಆ ಜಾಗವನ್ನೇ.

ಟೀಚರ್ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತರು. ಒಂದೊಂದೇ ಮಗುವನ್ನು ಕರೆಯುತ್ತಾರೆ. ಉಳಿದವರಿಗೆ ಕೇಳಿಸಬಾರದು: ಕೇಳಿಸಿಕೊಂಡ ಮಗು ಬಾಯಿಪಾಠ ಮಾಡಿಬಿಡುತ್ತದೆ ಎಂಬುದು ಒಂದು ಕಾರಣ, ಎಡವಿದ ಮಗುವಿನ ಮರ್ಯಾದೆ ಎರಡನೆಯದು. ಮೊಬೈಲಿನ ಗಡಿಯಾರವನ್ನು ನೋಟ್‌ಬುಕ್ಕಿನ ಕೆಳಗೆ ಮುಚ್ಚಿಟ್ಟಿದ್ದರು. "ಗಡಿಯಾರ ಕಂಡ್ರೆ ಓಡೋಕೆ ಶುರು ಮಾಡ್ತಾರೆ ಸಾರ್" ಎಂದರು.

ಓದಲು ಕೊಟ್ಟದ್ದು ಅವರೇ ಬರೆದ ಕಥೆ, ಅರವತ್ತೆರಡು ಪದ. ಒಬ್ಬ ಅಜ್ಜಿ ಹೊಸ ಕಂಬಳಿ ಮಾರಲು ಸಂತೆಗೆ ಹೊರಟಿದ್ದಾಳೆ. ದಾರಿಯಲ್ಲಿ ಮಳೆ ಹಿಡಿಯುತ್ತದೆ. ಅಜ್ಜಿ ಕಂಬಳಿಯನ್ನು ಮಡಚಿ ಮರದ ಪೊಟರೆಯಲ್ಲಿಟ್ಟು ತಾನು ನೆನೆಯುತ್ತಾ ನಿಲ್ಲುತ್ತಾಳೆ. ಪಠ್ಯಪುಸ್ತಕದ್ದನ್ನು ಕೊಡದೆ ಹೊಸದನ್ನೇ ಯಾಕೆ ಬರೆದರು ಎಂಬುದು ಮೊದಲ ಹುಡುಗನಿಂದಲೇ ತಿಳಿಯಿತು. ಅವನು ತನ್ನ ಪುಸ್ತಕ ತಂದಿದ್ದ. "ಮೊದ್ಲು ಇದನ್ನ ಓದ್ತೀನಿ ಮಿಸ್" ಎಂದು ಒಂದು ಪಾಠವನ್ನು ತಡೆಯಿಲ್ಲದೆ, ಏರಿಳಿತದ ಸಮೇತ ಒಪ್ಪಿಸಿದ. ಟೀಚರ್ ನಡುವೆ ಮೆಲ್ಲಗೆ ಪುಟದ ಮೇಲೆ ಅಂಗೈ ಇಟ್ಟರು. ಹುಡುಗನ ಓದು ನಿಲ್ಲಲಿಲ್ಲ! ಕೈ ತೆಗೆದು ಮೂರನೇ ಸಾಲಿನ ಒಂದು ಪದ ತೋರಿಸಿ "ಇದೇನು?" ಎಂದರು. ಅವನು ಪಾಠದ ಮೊದಲಿಂದ ಬಾಯಲ್ಲೇ ಹೇಳಿಕೊಂಡು ಬಂದು, ಬೆರಳನ್ನು ಎಣಿಸಿ, ಆ ಪದ ಹೇಳಿದ. ಎಷ್ಟು ಚುರುಕು ಮಗು! ಅವನಿಗೆ ನೆನಪಿದೆ, ಕಿವಿ ಇದೆ, ಭಾಷೆಯ ಲಯವಿದೆ. ಕಣ್ಣು ಮಾತ್ರ ಇನ್ನೂ ಪುಟಕ್ಕೆ ಕೂತಿಲ್ಲ. ತರಗತಿಯಲ್ಲಿ ಸರದಿಯ ಮೇಲೆ ಓದಿಸಿದರೆ ಇವನು ಯಾವತ್ತೂ ಸಿಕ್ಕಿಬೀಳುವುದಿಲ್ಲ, ಐದನೇ ತರಗತಿಗೂ ಹೀಗೇ ಹೋಗಿಬಿಡುತ್ತಾನೆ. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಇಂಥ ಎಷ್ಟು ಮಕ್ಕಳಿಗೆ "ಶಭಾಷ್" ಎಂದು ಕೂರಿಸಿದ್ದೆನೋ ಎಂದು ಆಗ ಸಂಕಟವಾಯಿತು.

ಎರಡನೆಯವನು ಹೊಸ ಕಥೆಯನ್ನು ನಲವತ್ತೆಂಟು ಸೆಕೆಂಡಿಗೆ ಮುಗಿಸಿದ. ತಪ್ಪಿದ್ದು ಎರಡು ಪದ. ಅರವತ್ತು ಸರಿ ಪದ, ನಲವತ್ತೆಂಟು ಸೆಕೆಂಡು. ನಿಮಿಷಕ್ಕೆ ಲೆಕ್ಕ ಹಾಕಿದರೆ ಎಪ್ಪತ್ತೈದು. ಓದು ನೀರು ಹರಿದ ಹಾಗೆ ಇತ್ತು, ಆದರೆ ಎಲ್ಲೂ ನಿಲ್ಲಲಿಲ್ಲ. ಪೂರ್ಣವಿರಾಮಕ್ಕೂ ಇಲ್ಲ, ಅಜ್ಜಿಯ ಮಾತು ಬಂದ ಕಡೆಯೂ ಇಲ್ಲ. ಟೀಚರ್ ಕೇಳಿದರು: "ಅಜ್ಜಿ ಹತ್ರ ಕಂಬಳಿ ಇತ್ತಲ್ಲ, ಆದ್ರೂ ಯಾಕೆ ನೆಂದ್ಲು?" ಹುಡುಗ ಹಾಳೆ ನೋಡಿದ, ಟೀಚರನ್ನು ನೋಡಿದ. "ಮಳೆ ಬಂತು ಮಿಸ್" ಎಂದ.

ಮೂರನೆಯವಳು ಮೆಲ್ಲಗೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಮನೆಯಲ್ಲಿ ತೆಲುಗು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಿಗೆ ಆಂಧ್ರದ ಗಡಿ ತಾಗಿದೆ. ಮೊಳಕಾಲ್ಮುರಿನಿಂದ ರಾಯದುರ್ಗ ಕೂಗಳತೆಯಷ್ಟು ಹತ್ತಿರ. ಇಲ್ಲಿನ ಮ್ಯಾಸಬೇಡರ ಹಟ್ಟಿಗಳಲ್ಲಿ ತೆಲುಗು ಮನೆಮಾತಾಗಿರುವುದು ಉಂಟು, ತಾಂಡಾದಲ್ಲಿ ಲಂಬಾಣಿ. ಮಗು ಬೀದಿಯಲ್ಲಿ ಒಂದು ಕನ್ನಡ ಕೇಳುತ್ತದೆ, ಪುಸ್ತಕದಲ್ಲಿ ಇನ್ನೊಂದು ಕನ್ನಡ ನೋಡುತ್ತದೆ. ಅವಳು ಬೆರಳಿಟ್ಟು ಓದಿದಳು. "ಅ-ಜ್ಜಿ. ಅಜ್ಜಿ. ಹೊ-ಸ. ಹೊಸ. ಕಂ-ಬ-ಳಿ." ಪ್ರತಿ ಪದವನ್ನೂ ಮೊದಲು ಒಡೆದು, ಆಮೇಲೆ ಕೂಡಿಸಿ, ತನಗೇ ಇನ್ನೊಮ್ಮೆ ಹೇಳಿಕೊಂಡಳು. "ಪೊಟರೆ" ಬಂದಾಗ ಮೊದಲು "ಷೊಟರೆ" ಎಂದಳು, ತಲೆ ಅಲ್ಲಾಡಿಸಿ ತಾನೇ ತಿದ್ದಿಕೊಂಡಳು. ಟೀಚರ್ ಬಾಯಿ ಹಾಕಲಿಲ್ಲ. ಒಂದು ಪದದ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಾಗ ಮಾತ್ರ "ಮುಂದಕ್ಕೆ ಹೋಗಮ್ಮ" ಎಂದರು. ತಮ್ಮ ಕೈಯಲ್ಲಿದ್ದ ಪ್ರತಿಯಲ್ಲಿ ತಪ್ಪಿದ ಪದಕ್ಕೆ ಒಂದು ಗೀಟು, ತಾನೇ ತಿದ್ದಿಕೊಂಡ ಪದದ ಮೇಲೆ ಒಂದು ಸಣ್ಣ "ತಿ", ನಿಮಿಷ ಮುಗಿದ ಜಾಗದಲ್ಲಿ ಒಂದು ಆವರಣ ಚಿಹ್ನೆ ಹಾಕುತ್ತಿದ್ದರು. ತಾನೇ ತಿದ್ದಿಕೊಂಡರೆ ಸರಿಯ ಲೆಕ್ಕಕ್ಕೇ. ಒಂದು ನಿಮಿಷಕ್ಕೆ ಇಪ್ಪತ್ತೇಳು ಪದ, ಮೂರು ತಪ್ಪು: ಇಪ್ಪತ್ತನಾಲ್ಕು.

ಗಡಿಯಾರ ನಿಂತಿತು, ಟೀಚರ್ ಓದು ನಿಲ್ಲಿಸಲಿಲ್ಲ. "ಪೂರ್ತಿ ಓದು, ಅವಸರ ಇಲ್ಲ" ಎಂದರು. ಎರಡು ಮುಕ್ಕಾಲು ನಿಮಿಷ ಹಿಡಿಯಿತು. ಮತ್ತೆ ಅದೇ ಪ್ರಶ್ನೆ: ಕಂಬಳಿ ಇದ್ದೂ ಅಜ್ಜಿ ಯಾಕೆ ನೆಂದಳು?

"ಮಾರೋ ಕಂಬ್ಳಿ ಮಿಸ್ ಅದು. ನೆಂದ್ರೆ ಯಾರು ತಗಂತಾರೆ?"

ಆಮೇಲೆ ಕಥೆಯನ್ನೆಲ್ಲ ಹೇಳು ಎಂದದ್ದಕ್ಕೆ, "ಅವ್ವ ಸಂತಕಿ ಪೋಯಿಂದಿ" ಎಂದು ತೆಲುಗಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಹೊರಳಿ, ಎರಡನ್ನೂ ಹೆಣೆದು ಹೇಳಿ ಮುಗಿಸಿದಳು. ಒಂದು ಘಟನೆಯೂ ಬಿಡಲಿಲ್ಲ.

ಈ ಇಬ್ಬರು ಮಕ್ಕಳನ್ನು ಬರೀ ಅಂಕಿಯಲ್ಲಿ ಬರೆದರೆ 75 ಮತ್ತು 24. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕು. "ಅರ್ಥ ತಿಳಿದು" ಎಂಬ ಮಾತು ಆ ಗುರಿಯಲ್ಲೇ ಇದೆ. ವರದಿಯ ಕಾಲಂನಲ್ಲಿ ಉಳಿಯುವುದು ಮಾತ್ರ 60. ಆಗ ಎಪ್ಪತ್ತೈದರ ಹುಡುಗ ದಾಟಿದ, ಇವಳು ದಾಟಲಿಲ್ಲ. ಇಬ್ಬರಿಗೂ ಇದು ಅನ್ಯಾಯ. ಅವನಿಗೆ ಬೇಕಾದದ್ದು ನಿಂತು ನಿಂತು ಓದುವುದು, ಇವಳಿಗೆ ಬೇಕಾದದ್ದು ಓಡಿಸಿ ಓದಿಸುವುದು. ಒಂದೇ ಮದ್ದು ಇಬ್ಬರಿಗೂ ನಾಟುವುದಿಲ್ಲ.

ಹಾಗೆಂದು ವೇಗ ಬೇಡ ಎನ್ನುವವರ ಜೊತೆ ನಾನಿಲ್ಲ. ಇಪ್ಪತ್ತನಾಲ್ಕು ಪದದ ವೇಗದಲ್ಲಿ ಈ ಹುಡುಗಿ ಅಜ್ಜಿಯ ಕಥೆ ಹಿಡಿದಿಟ್ಟುಕೊಂಡಳು, ಯಾಕೆಂದರೆ ಕಂಬಳಿ, ಸಂತೆ, ಮಳೆ ಅವಳ ಬದುಕಿನವು. ಐದನೇ ತರಗತಿಯಲ್ಲಿ ಸೌರಮಂಡಲದ ಪಾಠ ಬಂದಾಗ, ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಮರೆತಿರುತ್ತದೆ. 1974ರಲ್ಲಿ ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ವಿವರಿಸಿದ್ದೂ ಇದನ್ನೇ: ಮನಸ್ಸಿನ ಗಮನಕ್ಕೆ ಮಿತಿ ಇದೆ. ಅದೆಲ್ಲ ಅಕ್ಷರ ಬಿಡಿಸುವುದಕ್ಕೇ ಖರ್ಚಾದರೆ ಅರ್ಥಕ್ಕೆ ಉಳಿಯುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅದರ ಬೇಲಿಯ ಆಚೆ ಇರುವ ಹಳ್ಳಿಯ ಮಗು ಆ ವಿಜ್ಞಾನಕ್ಕೆ ತಲುಪಬೇಕಾದರೆ ದಾಟಬೇಕಾದ ಮೊದಲ ಗೇಟು ಈ ಒಂದು ನಿಮಿಷದ ಓದು.

ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಟೀಚರ್ ತಮ್ಮ ಹಾಳೆ ತೋರಿಸಿದರು. ಪ್ರತಿ ಸಾಲಿನ ಕೊನೆಗೆ ಎರಡು ಅಂಕಿ ಬರೆದಿದ್ದರು: ಅಲ್ಲಿವರೆಗಿನ ಪದಗಳು, ಅಲ್ಲಿವರೆಗಿನ ಅಕ್ಷರಗಳು. ಯಾಕೆ ಅಕ್ಷರ ಎಣಿಸುತ್ತೀರಿ ಎಂದು ಕೇಳಿದೆ. ಅವರು ಎರಡು ವಾಕ್ಯ ಬರೆದು ತೋರಿಸಿದರು. "ಅವನು ಮನೆಗೆ ಬಂದ": ಮೂರು ಪದ, ಎಂಟು ಅಕ್ಷರ. "ಅಜ್ಜಿ ಸಂತೆಯಿಂದ ಬರುತ್ತಿದ್ದಳು": ಇದೂ ಮೂರೇ ಪದ, ಹನ್ನೊಂದು ಅಕ್ಷರ, ಅದರಲ್ಲಿ ಮೂರು ಒತ್ತು. ಕನ್ನಡದ ಪದಕ್ಕೆ ಬಾಲ ಬೆಳೆಯುತ್ತಾ ಹೋಗುತ್ತದೆ. "ಓದಿಸಿಕೊಳ್ಳುತ್ತಿದ್ದರಂತೆ" ಎಂಬುದು ಒಂದು ಪದ, ಒಂಬತ್ತು ಅಕ್ಷರ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಒಂದು ಸಾಲು ಬೇಕು. ಹಾಗಿರುವಾಗ ಪದ ಎಣಿಸಿ ಭಾಷೆ ಭಾಷೆಗೆ ಹೋಲಿಸುವುದು ಸೇರನ್ನು ಗಜಕ್ಕೆ ಹೋಲಿಸಿದಂತೆ. 2022ರ ಮಾರ್ಚಿನಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಮೂರನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ 20 ಭಾಷೆಗಳಲ್ಲಿ ಓದಿಸಿತು, ಕನ್ನಡವೂ ಸೇರಿ ಒಂದೊಂದು ಭಾಷೆಗೆ ಒಂದೊಂದು ಅಳತೆಗೋಲು ಇಟ್ಟಿತು. ಅದು ಸರಿಯಾದ ಹೆಜ್ಜೆ. ಒಂದೇ ಭಾಷೆಯ ಒಳಗೂ ಅಕ್ಷರ ಎಣಿಸಿದರೆ ಇನ್ನೂ ನ್ಯಾಯ ಎಂಬುದು ಈ ಟೀಚರ ಅನುಭವ, ಅದಕ್ಕೆ ನನ್ನ ಮತವೂ ಇದೆ.

ಅಕ್ಷರ ಎಣಿಸಲು ಇನ್ನೊಂದು ಕಾರಣ ನಮ್ಮ ಲಿಪಿ. ಒಂದು ವ್ಯಂಜನಕ್ಕೆ ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ, ಒತ್ವ ಎಂದು ಕಾಗುಣಿತ; ಅದರ ಮೇಲೆ ಒತ್ತು. ಮಗು ಗುರುತಿಸಬೇಕಾದ ಆಕಾರ ನೂರಾರು. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವ ಕೆಲಸವಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಕಂಡುಬಂತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಗಡುವನ್ನು ಇಲ್ಲಿ ಹೇರಿ "ಮೂರನೇ ಕ್ಲಾಸಿಗೆ ಬಂದರೂ ಓದಲು ಬರುವುದಿಲ್ಲ" ಎಂದು ಮಗುವಿನ ಹಣೆಗೆ ಚೀಟಿ ಅಂಟಿಸುವ ಮೊದಲು ಇದನ್ನು ನೆನೆಯಬೇಕು.

ತಪ್ಪು ಯಾವುದು, ತಪ್ಪಲ್ಲದ್ದು ಯಾವುದು? ಇದರ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಒಬ್ಬ ಹುಡುಗ "ಬರುತ್ತದೆ" ಎಂದು ಅಚ್ಚಾದದ್ದನ್ನು "ಬರ್ತೈತೆ" ಎಂದು ಓದಿದ್ದ. "ಧಾನ್ಯ" ಎಂಬುದು "ದಾನ್ಯ" ಆಗಿತ್ತು. ಟೀಚರ್ ಎರಡಕ್ಕೂ ಗೀಟು ಹಾಕಿರಲಿಲ್ಲ. "ಬರ್ತೈತೆ" ಎಂದ ಮಗು ಅಕ್ಷರವನ್ನು ನೋಡಿ, ಅರ್ಥ ಮಾಡಿಕೊಂಡು, ತನ್ನ ಮನೆಯ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅದು ಓದು ಒಳಗಿಳಿದಿದ್ದಕ್ಕೆ ಸಾಕ್ಷಿ. ಇದೇ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು, ತಾವೂ ಮೇಷ್ಟರಾಗಿದ್ದವರು, ತಮ್ಮ ಪುಸ್ತಕಕ್ಕೆ "ಯೇಗ್ದಾಗೆಲ್ಲಾ ಐತೆ" ಎಂದೇ ಹೆಸರಿಟ್ಟರು. ನಾಡೆಲ್ಲ ಅದನ್ನು ತಲೆಯ ಮೇಲಿಟ್ಟುಕೊಂಡಿತು. ಆ ಸೀಮೆಯ ಮಗು "ಐತೆ" ಎಂದರೆ ಅಂಕ ಕಳೆಯುವುದು ಯಾವ ನ್ಯಾಯ? ಅಮೆರಿಕದ ಕೆನೆತ್ ಗುಡ್‌ಮನ್ ಕೂಡ 1960ರ ದಶಕದಲ್ಲಿ ಮಕ್ಕಳ ಓದಿನ ತಪ್ಪುಗಳನ್ನು ಎಣಿಸುವ ಬದಲು ವಿಂಗಡಿಸಲು ಹೇಳಿದ್ದರು: ಅರ್ಥ ಕೆಡಿಸಿದ ತಪ್ಪು ಬೇರೆ, ಅರ್ಥ ಉಳಿಸಿದ ತಪ್ಪು ಬೇರೆ. "ಮಳೆ ಹಿಡಿಯಿತು" ಎಂಬುದನ್ನು "ಮಳೆ ಹೊಡೆಯಿತು" ಎಂದು ಓದಿದ ಮಗುವನ್ನೂ, "ಮನೆ ಹಿಡಿಯಿತು" ಎಂದು ಓದಿ ಮುಂದೆ ಹೋದ ಮಗುವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಸಲಕರಣೆಗಳ ವಿಷಯ ಹೆಚ್ಚು ಹೇಳಬೇಕಿಲ್ಲ. 2005ರಿಂದ ಪ್ರಥಮ್ ಸಂಸ್ಥೆ ನಡೆಸುವ ಅಸರ್ ಸಮೀಕ್ಷೆಯ ಒಂದು ಹಾಳೆ ಹಳ್ಳಿ ಹಳ್ಳಿ ಸುತ್ತಿದೆ: ಅಕ್ಷರ, ಪದ, ನಾಲ್ಕು ವಾಕ್ಯದ ಸಣ್ಣ ಭಾಗ, ಕಥೆ. ಅದರಲ್ಲಿ ಗಡಿಯಾರವಿಲ್ಲ. ವಾಕ್ಯವನ್ನು ವಾಕ್ಯವಾಗಿ ಓದಿದನೇ, ಬಿಡಿ ಪದಗಳ ಸರವಾಗಿ ಓದಿದನೇ ಎಂದು ಕೇಳುವವರ ಕಿವಿಯೇ ತೀರ್ಮಾನಿಸಬೇಕು. ಅದೇ ಮಾದರಿಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ "ಓದು ಕರ್ನಾಟಕ" ಬಂತು. ಕೋವಿಡ್ ನಂತರ, 2022-23ರಲ್ಲಿ, ಒಂದು ವರ್ಷ ಪೂರ್ತಿ "ಕಲಿಕಾ ಚೇತರಿಕೆ" ನಡೆಯಿತು. ಹಾಳೆ ಯಾವುದಾದರೂ ಆಗಲಿ, ಮಗುವಿನ ಎದುರು ಕೂತು ಕೇಳುವ ಐದು ನಿಮಿಷ ಸಿಗಬೇಕು. ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಮೇಲೆ ಹಾಲು, ಮೊಟ್ಟೆ, ಮಾಹಿತಿ ತುಂಬುವ ಕೆಲಸ. ಆ ಐದು ನಿಮಿಷ ದೋಚಿಕೊಂಡು ಬರಬೇಕಾಗಿದೆ. ಶೇಂಗಾ ಕೀಳುವ ಹೊತ್ತಿಗೆ ಬೆಂಚು ಖಾಲಿಯಾಗುವುದು ಇನ್ನೊಂದು ಸಂಕಟ. ಹದಿನೈದು ದಿನ ಪುಸ್ತಕ ಮುಟ್ಟದ ಮಗು ಅಕ್ಷರ ಮರೆಯುವುದಿಲ್ಲ, ವೇಗ ಮರೆಯುತ್ತದೆ.

ಊಟ ಆದಮೇಲೆ ಟೀಚರ್ ಆ ಹುಡುಗಿಯನ್ನು ಮತ್ತೆ ಕರೆದರು. ಈ ಸಲ ತಾವೇ ಮೊದಲು ಕಥೆ ಓದಿದರು, ಅಜ್ಜಿಯ ದನಿಯಲ್ಲಿ ಗೊಣಗಿ, ಮಳೆಗೆ ಬೆರಳಲ್ಲಿ ಚಾಪೆ ತಟ್ಟಿ. ಹುಡುಗಿ ಒಂದೊಂದು ವಾಕ್ಯ ಹಿಂದೆ ಹೇಳಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಓದಿದರು. ಆಮೇಲೆ ಅವಳೊಬ್ಬಳೇ. ಬೆರಳು ಪದದಿಂದ ಪದಕ್ಕೆ ಕುಪ್ಪಳಿಸುವುದು ನಿಂತು ಸಾಲಿನ ಕೆಳಗೆ ಜಾರತೊಡಗಿತು. ನಿಮಿಷಕ್ಕೆ ಮೂವತ್ತೆಂಟು. "ಇದನ್ನ ರಿಜಿಸ್ಟರಿಗೆ ಬರೆಯಲ್ಲ ಸಾರ್. ಇದು ಕೇಳಿದ ಕಥೆ. ಮುಂದಿನ ತಿಂಗಳು ಹೊಸದು ಕೊಟ್ಟಾಗ ಎಷ್ಟಾಗ್ತದೋ ಅದೇ ಲೆಕ್ಕ" ಎಂದರು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 24 ಎಂದು ಬರೆದು, ಪಕ್ಕದ ಖಾನೆಯಲ್ಲಿ "ಕಥೆ ಪೂರ್ತಿ ಹೇಳಿದಳು. ಪ-ಷ ನೋಡಬೇಕು" ಎಂದು ಬರೆದರು. ಎಪ್ಪತ್ತೈದರ ಹುಡುಗನ ಮುಂದೆ: "ವಿರಾಮಕ್ಕೆ ನಿಲ್ಲಿಸಬೇಕು. ನಾಟಕ ಓದಿಸು."

ನಾಟಕದ ಮಾತು ಬಂದಾಗ ನನಗೆ ಸಿರಿಯಜ್ಜಿ ನೆನಪಾದರು. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು. ಅಕ್ಷರ ಕಲಿಯದ ಆಕೆಯ ನಾಲಿಗೆಯ ಮೇಲೆ ಸಾವಿರಾರು ಹಾಡುಗಳಿದ್ದವು; ಕೃಷ್ಣಮೂರ್ತಿ ಹನೂರರು "ಸಾವಿರದ ಸಿರಿ ಬೆಳಗು" ಎಂಬ ಹೆಸರಿನಲ್ಲಿ ಆ ಸಂಪತ್ತನ್ನು ಪುಸ್ತಕಕ್ಕೆ ತಂದರು. ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ದನಿ ಏರಬೇಕು ಎಂಬುದನ್ನು ಈ ಹಟ್ಟಿಗಳ ಮಕ್ಕಳು ಶಾಲೆಗೆ ಬರುವ ಮೊದಲೇ ಸೋಬಾನೆಯಲ್ಲಿ, ಕೋಲಾಟದಲ್ಲಿ, ದೇವರೆತ್ತಿನ ಪದದಲ್ಲಿ ಕೇಳಿರುತ್ತಾರೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಟ್ಟರೆ ಕಿವಿಗೆ ಗೊತ್ತಿರುವುದನ್ನು ಕಣ್ಣು ಹಿಂಬಾಲಿಸುತ್ತದೆ. ಬಾಯಿಪಾಠದ ಆ ಚುರುಕು ಹುಡುಗನಿಗೆ ಇದಕ್ಕಿಂತ ಒಳ್ಳೆಯ ಏಣಿ ನನಗೆ ಕಾಣುವುದಿಲ್ಲ.

ಮೊಳಕಾಲ್ಮುರಿಗೆ ಬಂದಾಗ ಮೂರು ಗಂಟೆ ದಾಟಿತ್ತು. ರೇಷ್ಮೆ ಸೀರೆಯ ಊರು. ಇಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನೇಕಾರರ ಬೀದಿಯಲ್ಲಿ ಮಗ್ಗದ ಸದ್ದು ಮನೆಯಿಂದ ಮನೆಗೆ ದಾಟುತ್ತದೆ. ಒಂದು ಮನೆಯ ಹೊಸ್ತಿಲ ಬಳಿ ಹುಡುಗಿಯೊಬ್ಬಳು ಗ್ರಂಥಾಲಯದ ಕಥೆಪುಸ್ತಕ ಹಿಡಿದು ಓದುತ್ತಿದ್ದಳು, ಒಳಗೆ ಕುಣಿಮಗ್ಗದಲ್ಲಿ ಕೂತ ಅಜ್ಜಿ ಕೇಳುತ್ತಿದ್ದಳು. ಅಜ್ಜಿಗೆ ಓದು ಬಾರದು. ಆದರೆ ಹುಡುಗಿ ಒಂದು ಕಡೆ ಗೊಂದಲವಾಗಿ ಓದಿದಾಗ ಲಾಳಿ ನಿಲ್ಲಿಸಿ, "ಏನಂದೆ? ಯಾರು ಸತ್ರು?" ಎಂದಳು. ಹುಡುಗಿ ಹಿಂದಕ್ಕೆ ಹೋಗಿ ಆ ವಾಕ್ಯವನ್ನು ಸರಿಯಾಗಿ ಓದಿದಳು. ಲಾಳಿ ಮತ್ತೆ ಓಡಿತು. ಯಾವ ಗಡಿಯಾರಕ್ಕೂ ಹೊಳೆಯದ ಪ್ರಶ್ನೆ ಅದು. ಗ್ರಾಮೀಣಾಭಿವೃದ್ಧಿ ಇಲಾಖೆ 2020ರ ನವೆಂಬರಿನಲ್ಲಿ "ಓದುವ ಬೆಳಕು" ಎಂದು ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಪುಸ್ತಕ ಮನೆಗೆ ಬಂದ ಮೇಲೆ ಕೇಳುವ ಒಬ್ಬ ಅಜ್ಜಿ ಇದ್ದರೆ ಅರ್ಧ ಕೆಲಸ ಆದಂತೆ. ಅಕ್ಷರ ಬಾರದ ತಂದೆತಾಯಿ "ನಮಗೇನು ಗೊತ್ತಾಗ್ತೈತೆ" ಎಂದು ಹಿಂದೆ ಸರಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅವರಿಗೆ ಈ ಮನೆ ತೋರಿಸಬೇಕು ಅನ್ನಿಸಿತು.

ಹೊತ್ತು ಇಳಿಯುವ ಮೊದಲು ಅಶೋಕ ಸಿದ್ದಾಪುರಕ್ಕೆ ಹೋದೆ. ಬ್ರಹ್ಮಗಿರಿಯ ಬುಡದಲ್ಲಿ ಒಂದು ಬಂಡೆ. ಊರಿನವರು ಅದನ್ನು ಅಕ್ಷರಗುಂಡು ಎನ್ನುತ್ತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಪತ್ತೆಹಚ್ಚುವವರೆಗೆ ಅದರ ಮೇಲಿನ ಗೀಟುಗಳು ಅಕ್ಷರ ಎಂದು ಎಲ್ಲರಿಗೂ ಗೊತ್ತಿತ್ತು, ಓದುವವರು ಮಾತ್ರ ಇರಲಿಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕನ ಶಾಸನ. ಇಸಿಲದ ಅಧಿಕಾರಿಗಳಿಗೆ ಸುವರ್ಣಗಿರಿಯಿಂದ ಬಂದ ಆದೇಶ: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ರುಜು: ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಇಷ್ಟು ಹೊತ್ತು ಎಡದಿಂದ ಬಲಕ್ಕೆ ಹರಿದ ಕಣ್ಣು ಕೊನೆಯ ಪದಕ್ಕೆ ಹಿಂದೆ ತಿರುಗಬೇಕು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡ ಅರ್ಕಾವತ್ತು ಕಣ್ಣಮುಂದೆ ಬಂತು. ಈ ಬಂಡೆಯ ಸುತ್ತ ಆಗ ಬದುಕಿದ್ದ ಜನರಲ್ಲಿ ಬಹುಪಾಲಿಗೆ ಲಿಪಿಯೂ ಹೊಸದು, ಭಾಷೆಯೂ ಪರದೇಶದ್ದು. ಯಾರೋ ಒಬ್ಬ ಇಲ್ಲಿ ನಿಂತು ಓದಿ ಹೇಳಿರಬೇಕು, ಅವರು ಕೂತು ಕೇಳಿರಬೇಕು.

ಮೇಕೆ ಹೊಡೆದುಕೊಂಡು ಇಬ್ಬರು ಹುಡುಗರು ಬಂದರು. ಹತ್ತಿರದಲ್ಲೇ ಪುರಾತತ್ವ ಇಲಾಖೆಯ ಬೋರ್ಡು. "ಓದ್ತೀಯೇನಪ್ಪಾ?" ಎಂದು ಚಿಕ್ಕವನನ್ನು ಕೇಳಿದೆ. "ಸಂ... ರ..." ಅವನು ನಿಂತ. ಕ ಕೆಳಗಿನ ಷ ಅವನನ್ನು ಹಿಡಿದುಕೊಂಡಿತ್ತು. ನಾನು ಹೇಳಿಕೊಡಲು ಬಾಯಿ ತೆರೆದವನು ಸುಮ್ಮನಾದೆ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ದೊಡ್ಡವನು ಪಿಸುಗುಟ್ಟಿದ: "ಕ್ಷ ಕಣೋ, ಪಕ್ಷಿ ಕ್ಷಿ." ಚಿಕ್ಕವನು "ಸಂ-ರ-ಕ್ಷಿ-ತ" ಎಂದ. ಆಮೇಲೆ "ಸಂರಕ್ಷಿತ". ಆಮೇಲೆ ಮುಂದಿನ ಪದವನ್ನೂ ಸೇರಿಸಿ "ಸಂರಕ್ಷಿತ ಸ್ಮಾರಕ" ಎಂದು ಜೋರಾಗಿ ಓದಿ ನನ್ನ ಮುಖ ನೋಡಿದ. ಹಾಗೆಂದರೆ ಏನು ಎಂದೆ. "ಈ ಗುಂಡು ಯಾರೂ ಒಡೀಬಾರ್ದು ಅಂತ" ಎಂದ.

ಮೇಕೆಗಳು ಆಗಲೇ ಮುಂದೆ ಹೋಗಿದ್ದವು. ದೊಡ್ಡವನು ಕೋಲು ಎತ್ತಿ ಓಡಿದ. ಚಿಕ್ಕವನು ಬೋರ್ಡಿನ ಮುಂದಿನಿಂದ ಕದಲಲಿಲ್ಲ.

"ಇನ್ನೊಂದ್ಸಲ ಓದ್ಲಾ ಸಾರ್, ಮೊದ್ಲಿಂದ?"